ಕನಸಿನೊಳಗೆ ಎಚ್ಚರವಿದ್ದ ಪದುಮೆ

ಬಹಳ ಬಹಳ ಹಿಂದೆ, ಹಕ್ಕಿಗಳಿಗೆ ಮಾತು ಬರುತ್ತಿದ್ದ ಕಾಲದಲ್ಲಿ, ಮಣಿಕೊಳವೆಂಬ ರಾಜ್ಯವಿತ್ತು. ಅಲ್ಲಿ ಹೂ ಮಾರುವ ಮಾಚಯ್ಯನಿಗೆ ಪದುಮೆಯೆಂಬ ಮಗಳಿದ್ದಳು. ಅವಳಿಗೊಂದು ವಿಚಿತ್ರ ಕಾಯಿಲೆ. ಹಾಡುಹಗಲಲ್ಲೇ, ಹೂ ಕಟ್ಟುತ್ತಲೋ ತುತ್ತು ಬಾಯಿಗಿಡುತ್ತಲೋ ನಿದ್ದೆಗೆ ಜಾರಿಬಿಡುತ್ತಿದ್ದಳು. ಕಣ್ಣು ಮುಚ್ಚಿದ ಕೂಡಲೇ ಕನಸು. ಕೆಲವು ಸಲ ಎಚ್ಚರವಾದರೂ ಮೈ ಕಲ್ಲಾಗಿ, ಎದೆಯ ಮೇಲೆ ಯಾರೋ ಕೂತಂತಾಗಿ, ಕೂಗಲೂ ಆಗುತ್ತಿರಲಿಲ್ಲ. ಊರವರು ನಗುತ್ತಿದ್ದರು. ಮಾಚಯ್ಯ ಮಾತ್ರ, ಮಗಳು ಏಳದೇ ಹೋದರೇನು ಗತಿಯೆಂದು ಪಕ್ಕದಲ್ಲೇ ಕೂತು ನಡುಗುತ್ತಿದ್ದ.

ದಿನವೂ ಕನಸಿಗೆ ಹೋಗಿಬಂದು ಪದುಮೆ ಒಂದು ಉಪಾಯ ಕಂಡುಕೊಂಡಿದ್ದಳು. ಮೂಗು, ಬಾಯಿ ಎರಡನ್ನೂ ಮುಚ್ಚಿಕೊಳ್ಳುವುದು. ಆಗಲೂ ಉಸಿರಾಡಲು ಸಾಧ್ಯವಾದರೆ ಅದು ಕನಸು. ಕನಸೆಂದು ತಿಳಿದರೆ ಸಾಕು, ಅದು ಅವಳ ಮಾತು ಕೇಳುತ್ತಿತ್ತು.

ಹೀಗಿರಲು ಘೂಕನೆಂಬ ಮಂತ್ರವಾದಿ ಅರಮನೆಗೆ ಬಂದ. ತರುಣ ಅರಸ ಉದಯಾಂಗನ ಹಣೆಗೆ ಬೂದಿ ಹಚ್ಚಿ ಅವನನ್ನು ಮಾಯೆಯ ಕನಸಿಗೆ ತಳ್ಳಿದ. ತಾನೇ ಸಿಂಹಾಸನವೇರಿ ಕೂತ. ಅರಸನ ಕೈ ಹಿಡಿದು ಮಲಗಿದವರು ಆ ಕನಸಿಗೆ ಹೋಗಬಹುದಿತ್ತು. ಎಷ್ಟೋ ವೀರರು ಹೋದರು. ಕನಸನ್ನೇ ನಿಜವೆಂದು ನಂಬಿ ಅಲ್ಲೇ ಉಳಿದರು. ಉದಯಾಂಗ ಮಲಗಿದಲ್ಲೇ ಸೊರಗತೊಡಗಿದ.

ಪದುಮೆ ರಾಜಮಾತೆಯ ಬಳಿಗೆ ಹೋಗಿ, "ತಾಯಿ, ನಾನು ಹೋಗಿ ಕರೆದು ತರುತ್ತೇನೆ" ಎಂದಳು.

"ಬೇಡ ಮಗಳೇ!" ಜೊತೆಗೆ ಬಂದಿದ್ದ ಮಾಚಯ್ಯ ಅವಳ ಸೆರಗು ಹಿಡಿದುಕೊಂಡ. "ನನಗೆ ಇರುವವಳು ನೀನೊಬ್ಬಳೇ."

"ಅಪ್ಪಾ, ಕನಸಿನ ದಾರಿ ನನಗೆ ಗೊತ್ತು" ಎಂದು ಪದುಮೆ ಅರಸನ ಕೈ ಹಿಡಿದಳು. ನಡು ಮಧ್ಯಾಹ್ನ, ಎಲ್ಲರೂ ನೋಡುತ್ತಿದ್ದಂತೆಯೇ ನಿದ್ದೆಹೋದಳು.

ಕನಸಿನ ಬಾಗಿಲಲ್ಲಿ ಬೆಂಕಿಯ ಪಟ್ಟೆಗಳ ಹುಲಿ ನಿಂತಿತ್ತು. ಪದುಮೆ ಮೂಗು, ಬಾಯಿ ಮುಚ್ಚಿದಳು. ಉಸಿರು ಸರಾಗವಾಗಿ ಬಂತು. "ನೀನು ಕನಸು. ಪಕ್ಕಕ್ಕೆ ಸರಿ" ಎಂದಳು. ಹುಲಿ ಸರಿಯಿತು.

ಮುಂದೆ ಘೂಕನೇ ಹಾರಿಬಂದು ಅವಳ ಎದೆಯ ಮೇಲೆ ಕೂತ. ಮೈ ಮರಗಟ್ಟಿತು. ಕೈಯೆತ್ತಿ ಮೂಗು ಮುಚ್ಚಲೂ ಆಗಲಿಲ್ಲ. "ಒದ್ದಾಡು, ಕೂಗು!" ಎಂದು ಅವನು ನಕ್ಕ. ಪದುಮೆ ಒದ್ದಾಡಲಿಲ್ಲ. ಈ ಭಾರ ಅವಳಿಗೆ ಚಿಕ್ಕಂದಿನಿಂದ ಗೊತ್ತಿದ್ದದ್ದೇ. ಸುಮ್ಮನೆ ಉಸಿರೆಳೆದುಕೊಳ್ಳುತ್ತಾ ಕಿರುಬೆರಳನ್ನು ಅಲುಗಿಸಿದಳು. ಮೆಲ್ಲಗೆ ಕೈ ಸಡಿಲವಾಯಿತು. ಘೂಕ ಜಾರಿಬಿದ್ದು ಮಾಯವಾದ.

ಆಮೇಲೆ ಎದುರಾದದ್ದು ಒಂದು ಅಡುಗೆಮನೆ. ಒಲೆಯ ಮುಂದೆ, ಎಂದೋ ತೀರಿಹೋದ ಅವಳ ಅವ್ವ ರೊಟ್ಟಿ ತಟ್ಟುತ್ತಿದ್ದಳು.

"ಬಂದೆಯಾ ಕಂದಾ? ಇಲ್ಲೇ ಇದ್ದುಬಿಡು. ಇಲ್ಲಿ ನಿನಗೆ ಕಾಯಿಲೆಯಿಲ್ಲ, ನಿನ್ನನ್ನು ನೋಡಿ ನಗುವವರೂ ಇಲ್ಲ."

ಪದುಮೆಯ ಕೈ ಮೂಗಿನವರೆಗೆ ಹೋಗಿ ನಿಂತಿತು. ಮುಚ್ಚಿ ನೋಡುವ ಮನಸ್ಸೇ ಬರಲಿಲ್ಲ. ಆದರೆ ಹೊರಗೆ ಕೂತು ನಡುಗುತ್ತಿರುವ ಅಪ್ಪ ನೆನಪಾದ. ಕಣ್ಣೀರು ಸುರಿಸುತ್ತಲೇ ಮೂಗು, ಬಾಯಿ ಮುಚ್ಚಿದಳು. ಉಸಿರು ಬಂತು. "ಹೋಗಿಬರುತ್ತೇನೆ ಅವ್ವಾ" ಎಂದು ಕಾಲಿಗೆ ಬಿದ್ದು ಹಿತ್ತಿಲ ಬಾಗಿಲು ದಾಟಿದಳು.

ಅಲ್ಲಿ ವೀರರ ನಡುವೆ ಉದಯಾಂಗ ಒಡ್ಡೋಲಗ ನಡೆಸುತ್ತಿದ್ದ.

"ಪ್ರಭು, ಮೂಗು, ಬಾಯಿ ಮುಚ್ಚಿಕೊಳ್ಳಿ."

"ಅರಸನಿಗೆ ಮೂಗು ಮುಚ್ಚು ಎನ್ನುತ್ತೀಯಾ!"

"ಒಂದೇ ಒಂದು ಸಲ. ನಿಮ್ಮ ತಾಯಿ ಅಳುತ್ತಿದ್ದಾರೆ."

ತಾಯಿಯ ಹೆಸರು ಕೇಳಿ ಅರಸ ಮೂಗು, ಬಾಯಿ ಮುಚ್ಚಿದ. ಉಸಿರು ನಿಲ್ಲಲಿಲ್ಲ. ಅವನ ಮುಖ ಬಿಳಿಚಿತು. "ಹಾಗಾದರೆ ಇದೆಲ್ಲ..."

"ಕನಸು, ಪ್ರಭು. ಏಳಿ."

ವೀರರೂ ಹಾಗೇ ಮಾಡಿದರು. ಒಡ್ಡೋಲಗ ಹೊಗೆಯಂತೆ ಕರಗಿತು.

ಅರಮನೆಯಲ್ಲಿ ಎಲ್ಲರೂ ಒಟ್ಟಿಗೆ ಕಣ್ಣು ತೆರೆದರು. ತನ್ನ ಕನಸನ್ನು ನಂಬುವವರೇ ಇಲ್ಲವಾದಾಗ ಘೂಕನ ಬಲವೆಲ್ಲ ಇಳಿದುಹೋಯಿತು. ಅವನು ಕೂತಿದ್ದ ಸಿಂಹಾಸನದ ಮೇಲೆ ಈಗ ಮುದಿ ಗೂಬೆಯೊಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕೂತಿತ್ತು. ಕಿಟಕಿಯಿಂದ ಹಾರಿಹೋದದ್ದು ಮತ್ತೆ ಬರಲಿಲ್ಲ. ರಾಜಮಾತೆ ಮಗನಿಗೆ ತಾನೇ ಗಂಜಿ ಕುಡಿಸಿದಳು. ಮಣಿಕೊಳದ ಮನೆಮನೆಯಲ್ಲೂ ಜನ ನೆಮ್ಮದಿಯಿಂದ ಬಾಳಿದರು. ಕನಸಿಗೆ ಹೆದರುವವರು ಪದುಮೆಯ ಜಗುಲಿಗೆ ಬಂದು ಅವಳ ಉಪಾಯ ಕಲಿತರು.

ಅಂದು ಮನೆಗೆ ಮರಳುವಾಗ ಪದುಮೆ ಹೇಳಿದಳು: "ಅಪ್ಪಾ, ನನ್ನ ಕಾಯಿಲೆ ಹೋಗಿಲ್ಲ. ಇನ್ನೂ ಹೀಗೇ ನಿದ್ದೆ ಬರುತ್ತದೆ."

ಮಾಚಯ್ಯ ಮಗಳ ತಲೆ ನೇವರಿಸಿದ. "ಬರಲಿ ಬಿಡವ್ವಾ. ಎಲ್ಲಿಗೆ ಹೋದರೂ ನೀನು ತಿರುಗಿ ಬರುತ್ತೀಯ ಅಂತ ಇವತ್ತು ಗೊತ್ತಾಯಿತಲ್ಲ, ಅಷ್ಟು ಸಾಕು."