ನಯನಾಳ ರಣಹದ್ದು, ವಾಸಿಂನ ಗಂಧದ ಗಿಡ

“ಹ್ರಾಆ! ಹ್ರಾಆ!”

ಅಮ್ಮನ ದುಪಟ್ಟಾವನ್ನು ರೆಕ್ಕೆಯ ಹಾಗೆ ಹರಡಿ ನಯನಾ ಬೆಂಚಿನಿಂದ ಧುಮುಕಿದಳು. ಆರನೇ ಕ್ಲಾಸು ಬಿದ್ದು ಬಿದ್ದು ನಕ್ಕಿತು.

ಸೋಮವಾರ ಸ್ಟೇಜಿನ ಮೇಲೆ ವಾದ: ಹೆಚ್ಚು ಅಪಾಯದಲ್ಲಿರೋದು ಯಾರು? ನಯನಾ ರಾಮದೇವರ ಬೆಟ್ಟದ ರಣಹದ್ದು. ವಾಸಿಂ ಗಂಧದ ಮರ. ಅವನ ದಾದಿ, ಅಂದರೆ ಅಜ್ಜಿ, ಬೆಳೆಸಿದ ಪುಟ್ಟ ಗಂಧದ ಗಿಡ ಆಗಲೇ ಕುಂಡದ ಸಮೇತ ಕ್ಲಾಸಿನ ಕಿಟಕಿಯಲ್ಲಿ ಕೂತಿತ್ತು.

“ನಿನ್ ಪಾರ್ಟ್ ಏನೋ? ನಿಂತ್ಕಳದು!” ನಯನಾ ಮರದ ಹಾಗೆ ಸೆಟೆದು ನಿಂತು ಗೊರಕೆ ಹೊಡೆದಳು. “ನಮ್ ಹದ್ದು ಪಾಪ, ನೋವಿನ ಸೂಜಿ ಚುಚ್ಚಿದ್ ದನ ಸತ್ರೆ ಅದನ್ನ ತಿಂದು, ಆ ಔಷ್ದಿನೇ ವಿಷ ಆಗಿ ಸಾಯ್ತದೆ. ನಿನ್ ಮರಕ್ಕೇನ್ಲಾ ಕಷ್ಟ? ಬಿಟ್ಟಿ ನೀರು, ಬಿಟ್ಟಿ ಬಿಸ್ಲು!”

“ಕಳ್ರು ಕಡ್ಕಂಡೋಯ್ತಾರೆ.”

“ಹದ್ದಾಗಿದ್ರೆ ಹಾರ್ಕಂಡೋಗದು. ನಿಂದು ಬರೀ ಪೆದ್ದು!”

ವಾಸಿಂ ಗಿಡಕ್ಕೆ ನೀರು ಹಾಕಿ ಮನೆಗೆ ಹೋದ.

ಅವನು ಹೋದ ಮೇಲೆ ನಯನಾ ಕುಂಡದೊಳಕ್ಕೆ ಇಣುಕಿದಳು. ಗಂಧದ ಗಿಡಕ್ಕೆ ಅಂಟಿಕೊಂಡಂತೆ ಇನ್ನೊಂದು ಗಿಡ. “ಥೂ, ಕಳೆ ಕೀಳಕ್ಕೂ ಬರಲ್ವಾ ಈ ಗಂಧರಾಜಂಗೆ? ಸ್ಟೇಜಲ್ಲಿ ಒಸಿ ನೀಟಾಗಾದ್ರೂ ಕಾಣ್ಲಿ.” ಸರಕ್ಕನೆ ಕಿತ್ತು ಕಿಟಕಿಯಾಚೆ ಎಸೆದಳು. ಉಪಕಾರ ಮಾಡಿದ ಗತ್ತಿನಲ್ಲಿ ಕೈ ಕೊಡವಿದಳು.

ಸೋಮವಾರ ಗಂಧದ ಗಿಡ ತಲೆ ಜೋಲು ಹಾಕಿತ್ತು.

“ಆಹಾ, ಸಾಯೋ ಆಕ್ಟಿಂಗ್ ಸೂಪರ್!” ಎಂದಳು ನಯನಾ.

ವಾಸಿಂ ನಗಲಿಲ್ಲ. ಕುಂಡದ ಮಣ್ಣಲ್ಲಿದ್ದ ಗುಳಿಯನ್ನೇ ನೋಡುತ್ತಿದ್ದ. “ಇಲ್ಲಿದ್ದ ತೊಗರಿ ಗಿಡ ಯಾರ್ ಕಿತ್ತಿದ್ದು? ಗಂಧದ ಬೇರು ಪಕ್ಕದ ಗಿಡದ ಬೇರು ಹಿಡ್ಕಂಡು ಅದರಿಂದ ಊಟ ತಗತದೆ. ಅದಕ್ಕೇ ದಾದಿ ತೊಗರಿ ಹಾಕಿದ್ದು.”

ನಯನಾ ಕುಂಡದ ಹತ್ತಿರ ಬಂದಳು. “ನಾನೇ ಕಣೋ. ಚೆಂದ ಕಾಣ್ಲಿ ಅಂತ...”

ಅವಳಿಗೆ ತನ್ನ ಹದ್ದಿನ ಕತೆ ನೆನಪಾಯಿತು. ದನಕ್ಕೆ ಸೂಜಿ ಚುಚ್ಚಿದವರೂ ದನ ಹುಷಾರಾಗಲಿ ಅಂತ ತಾನೇ ಚುಚ್ಚಿದ್ದು? ಹದ್ದು ಸಾಯಲಿ ಅಂತಲ್ಲವಲ್ಲ.

“ಇನ್ನೊಂದು ತೊಗರಿ ಹಾಕಿದ್ರೆ ಬದುಕ್ತದಾ?”

“ಗೊತ್ತಿಲ್ಲ. ದಾದೀನ ಕೇಳ್ಬೇಕು.”

“ನಾನೂ ಬತ್ತೀನಿ. ನಾನೇ ಕೇಳ್ತೀನಿ.”

“ರಣಹದ್ದು, ಗಂಧದ ಮರ, ಬನ್ರಪ್ಪಾ!” ಅಂಗಳದಿಂದ ಸುಚಿತ್ರಾ ಮಿಸ್ ಮೈಕಿನಲ್ಲಿ ಕರೆದರು.

ಇಬ್ಬರೂ ಕುಂಡವನ್ನು ಒಂದೊಂದು ಕಡೆ ಹಿಡಿದು ಸ್ಟೇಜಿಗೆ ಹೊತ್ತೊಯ್ದರು. ಅಲ್ಲಿ ಸುಡು ಬಿಸಿಲು.

“ಹ್ರಾಆ ಅನ್ನೇ!” ಎಂದು ಆರನೇ ಕ್ಲಾಸು ಕೂಗಿತು.

ನಯನಾ ದುಪಟ್ಟಾ ಬಿಚ್ಚಿದಳು. ಹಾರಲಿಲ್ಲ. ರೆಕ್ಕೆಯೊಂದನ್ನು ಗಿಡದ ಮೇಲೆ ನೆರಳಾಗಿ ಹಿಡಿದು, ಮರದ ಹಾಗೆ ನಿಂತಳು.