ಡಿಸೆಂಬರ್ ಎಂಟರ ಸೂಜಿ

"ಒಂದು ಸೂಜಿ ಕಮ್ಮಿ ಇದೆ!"

ಇಸೊನೊ ಟೀಚರ್ ಹೀಗೆಂದದ್ದೇ ತಡ, ಹೊಲಿಗೆ ಕೋಣೆಯಲ್ಲಿದ್ದ ಆರು ಹುಡುಗಿಯರೂ ತಂತಮ್ಮ ಸೂಜಿಗಳನ್ನು ಮತ್ತೆ ಎಣಿಸತೊಡಗಿದರು.

ಸಂಜೆ ಸೂಜಿ ಎಣಿಸದೆ ಅಲ್ಲಿ ಯಾರೂ ಮೇಲೇಳುವಂತಿಲ್ಲ. ಗಿರಾಕಿಯ ಬಟ್ಟೆಯಲ್ಲಿ ಸೂಜಿ ಉಳಿದುಹೋದರೆ ಹೊಲಿಗೆ ಮನೆಯ ಮಾನವೇ ಹೋಯಿತು. ಹುಡುಗಿಯರಲ್ಲಿ ಫುಮಿನೊ ಎಂಬವಳ ಬಳಿ ಏಳು ಸೂಜಿ ಇರಬೇಕಿತ್ತು. ಆರೇ ಇದ್ದವು.

'ಅಯ್ಯೋ ಮಾತೆ ಮರಿಯಮ್ಮಾ... ಆ ಮದುಮಗನ ಕಪ್ಪು ಮೇಲಂಗಿ! ಬೆಳಿಗ್ಗೆಯೇ ಕಳಿಸಿಬಿಟ್ಟೆನಲ್ಲ!'

ಅಷ್ಟರಲ್ಲಿ ಬಾಗಿಲು ಸರಿಯಿತು. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡ ಯುವಕನೊಬ್ಬ ತಲೆಬಾಗಿ ನಿಂತಿದ್ದ.

"ಹಡಗುಕಟ್ಟೆ ರಸ್ತೆಯ ಸೂಟ್ ಅಂಗಡಿಯಿಂದ ಬಂದಿದ್ದೀನಿ. ಶುನ್‌ಸಾಕು ಅಂತ. ಇದು ನಿಮ್ಮಲ್ಲಿಯದ್ದೇ ಇರ್ಬೇಕು."

ಅವನ ಅಂಗೈಯಲ್ಲಿ ಅರ್ಧ ಸೂಜಿ. ಸೂಜಿಯ ಕಣ್ಣಿನಲ್ಲಿ ಇನ್ನೂ ಕೆಂಪು ದಾರವಿತ್ತು. ಫುಮಿನೊ ಕೂಡಲೇ ಗುರುತಿಸಿದಳು. ಆ ದಾರ ಅವಳದೇ.

"ಎಲ್ಲಿ ಸಿಕ್ತು?" ಟೀಚರ್ ದನಿ ಗಡುಸಾಗಿತ್ತು.

ಯುವಕ ಒಮ್ಮೆ ಫುಮಿನೊಳ ಬಿಳಿಚಿದ ಮುಖ ನೋಡಿದ.

"ಗಿರಾಕಿ ಸೂಟಿನ ಜೊತೆ ಮೇಲಂಗೀನೂ ಇಸ್ತ್ರಿಗೆ ಕೊಟ್ಟಿದ್ರು. ಸೂಜಿ ಕಣ್ಣಿಗೆ ಕಾಣೋ ಹಾಗೇ ಇತ್ತು, ನಾನೇ ನೋಡದೆ ಒತ್ತಿ ಮುರಿದೆ. ತಪ್ಪು ನಂದು."

"ತುದಿ ಎಲ್ಲಿ?"

ಅವನು ಹೆಬ್ಬೆರಳೆತ್ತಿದ. "ಇಲ್ಲೇ ಇದೆ. ಒಳಗೆ."

ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ಫುಮಿನೊ ಮಾತ್ರ ಅತ್ತಳು.

ಅವನು ಹೊರಟಾಗ ಬೀದಿಯ ತಿರುವಿನವರೆಗೂ ಓಡಿ ತಡೆದಳು. "ಸೂಜಿ ಕಾಲರಿನ ಒಳಗೆ ಇತ್ತು ಅಲ್ವಾ? ಯಾಕ್ರೀ ಸುಳ್ಳು ಹೇಳಿದ್ರಿ?"

"ನಿಮ್ಮ ಮುಖ ನೋಡಿದ್ಮೇಲೆ ನಿಜ ಬಾಯಿಗೆ ಬರ್ಲಿಲ್ಲ ಕಣ್ರೀ."

ಇನ್ನೇನು ಬೇಕು? ಪ್ರೀತಿ ಶುರುವಾಗಲು ಇಷ್ಟು ಸಾಲದೇ!

ಶುನ್‌ಸಾಕು ಟೋಕಿಯೋದ ದರ್ಜಿಯ ಮಗ. ಕೆಲಸ ಕಲಿಯಲು ನಾಗಸಾಕಿಗೆ ಬಂದಿದ್ದ. ಫುಮಿನೊ ಉರಕಾಮಿಯ ಚರ್ಚ್ ಬಳಿಯವಳು. ಆ ಒಂದು ಬಾಂಬಿಗೆ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡಾಗ ಅವಳಿಗೆ ಎಂಟು ವರ್ಷ. ಅಂದಿನಿಂದ ಅವಳನ್ನು ಸಾಕಿದ್ದು ಸುಮಿ ಅಜ್ಜಿ. ಅಜ್ಜಿಗೆ ಜಪಸರವೇ ಪ್ರಾಣ. ಚರ್ಚಿನ ಹೊರಗಿನ ಅಳಿಯ ಎಂದರೆ ಆ ಮನೆಯಲ್ಲಿ ಮಾತೇ ಇಲ್ಲ.

ವಸಂತ ಕಳೆಯಿತು, ಬೇಸಿಗೆಯೂ ಕಳೆಯಿತು. ಸೆಪ್ಟೆಂಬರಿನಲ್ಲಿ ಟೋಕಿಯೋದಿಂದ ತಂತಿ ಬಂತು. ಅವನ ತಂದೆಗೆ ಲಕ್ವ ಹೊಡೆದಿತ್ತು.

ರೈಲು ಹೊರಡಲು ಐದು ನಿಮಿಷ ಇದ್ದಾಗ ಅವನು ಕೇಳಿದ. "ಫುಮಿನೊ ಅವ್ರೇ... ನನ್ನ ಮದುವೆ ಆಗ್ತೀರಾ?"

'ಹೂಂ' ಎನ್ನಲು ಬಾಯಿ ತೆರೆದಳು. ಅಜ್ಜಿಯ ಮುಖ ಕಣ್ಮುಂದೆ ಬಂತು.

"ನಂಗೆ ಸ್ವಲ್ಪ ಟೈಮ್ ಕೊಡಿ. ಕಾಗದ ಮಾತ್ರ ಬರೀಬೇಡಿ, ಪೋಸ್ಟಿನವ್ರು ಅಜ್ಜಿ ಕೈಗೇ ಕೊಡೋದು. ಸೂಜಿ ಹಬ್ಬದ ಬೆಳಿಗ್ಗೆ ಇಲ್ಲಿನ ಬುದ್ಧನ ಗುಡಿಗೆ ಬನ್ನಿ. ಉತ್ತರ ಅಲ್ಲೇ ಹೇಳ್ತೀನಿ."

"ಸೂಜಿ ಹಬ್ಬಾನಾ? ಅಷ್ಟು ದಿನಾನಾ!"

"ನನಗೋಸ್ಕರ ಅಷ್ಟೂ ಕಾಯೋಕಾಗಲ್ವಾ?"

"ಕಾಯ್ತೀನಿ ಬಿಡಿ. ಹೇಗೋ ಚಳಿಗಾಲ ಕಳೆದ್ರೆ ಆಯ್ತಲ್ಲ."

ಆ ಮಾತನ್ನು ಅವಳು ಸರಿಯಾಗಿ ಕೇಳಿಸಿಕೊಂಡಿದ್ದರೆ ಈ ಕಥೆಯಲ್ಲಿ ಇಷ್ಟು ಕಣ್ಣೀರು ಇರುತ್ತಿರಲಿಲ್ಲ.

ನಮ್ಮೂರಿನಲ್ಲಿ ಡಿಸೆಂಬರ್ ಎಂಟರ ಮೇಲೆ ಭಾರ ಜಾಸ್ತಿ. ಬುದ್ಧನಿಗೆ ಜ್ಞಾನೋದಯವಾದ ದಿನ ಅದು. ಹೊಲಿಗೆಯವರ ಸೂಜಿ ಹಬ್ಬವೂ ಅಂದೇ. ವರ್ಷವಿಡೀ ದುಡಿದು ಮುರಿದ ಸೂಜಿಗಳನ್ನು ಸೋಯಾ ಹಾಲಿನ ಮೆತ್ತನೆಯ ತೋಫುವಿಗೆ ಚುಚ್ಚಿ, 'ಸಾಕಾಯ್ತು, ಇನ್ನು ಮಲಗಿ' ಎಂದು ಕೈಮುಗಿಯುತ್ತಾರೆ. ಚರ್ಚಿನವರಿಗೆ ಅಮಲೋದ್ಭವಿ ಮಾತೆಯ, ಅಂದರೆ ಮರಿಯಮ್ಮನ ಹಬ್ಬ. ಸಾಲದ್ದಕ್ಕೆ, ಹತ್ತೊಂಬತ್ತು ವರ್ಷಗಳ ಹಿಂದೆ ಅಮೆರಿಕದ ಜೊತೆ ಯುದ್ಧ ಶುರುವಾದದ್ದೂ ಅದೇ ತಾರೀಖು.

ಪ್ರತಿ ವರ್ಷ ಫುಮಿನೊ ಅಂದು ಅಜ್ಜಿಯ ಪಕ್ಕದಲ್ಲಿ ಬಿಳಿ ತಲೆವಸ್ತ್ರ ಹೊದ್ದು ಮಂಡಿಯೂರುತ್ತಿದ್ದಳು. ಅವಳ ಮುರಿದ ಸೂಜಿಗಳು ಟೀಚರ್ ಜೊತೆ ಗುಡಿಗೆ ಹೋಗುತ್ತಿದ್ದವು.

ಆ ವರ್ಷ ಮೊದಲ ಬಾರಿಗೆ ಅಜ್ಜಿಗೆ ಸುಳ್ಳು ಹೇಳಿದಳು. "ಅರ್ಜೆಂಟ್ ಹೊಲಿಗೆ ಇದೆ ಅಜ್ಜಿ. ನೀವು ನಡೀರಿ, ಹಿಂದೇನೇ ಬರ್ತೀನಿ."

ಗುಡಿಯ ಅಂಗಳದಲ್ಲಿ ಜನವೋ ಜನ. ಕೆಂಪು ದಾರದ ಅರ್ಧ ಸೂಜಿಯನ್ನು ಹಿಡಿದು ನಿಂತಳು. ಮಂತ್ರ ಮುಗಿಯಿತು. ಮಧ್ಯಾಹ್ನವಾಯಿತು. ತೋಫುವಿನ ತಟ್ಟೆಯನ್ನು ಒಳಗೆ ಒಯ್ದರು.

ಅವನು ಬರಲಿಲ್ಲ.

'ಮಾತೆಯ ಹಬ್ಬ ಬಿಟ್ಟು ಬಂದೆನಲ್ಲ, ತಕ್ಕ ಶಿಕ್ಷೆಯಾಯಿತು. ಅತ್ತ ದೇವರೂ ಇಲ್ಲ, ಇತ್ತ ಅವನೂ ಇಲ್ಲ...'

ಗುಡಿಗೆ ಬಂದಿದ್ದ ಟೀಚರ್ ಒಬ್ಬರಿಗೇ ವಿಷಯ ಹೇಳಿಕೊಂಡಳು. ಅರ್ಧ ಸೂಜಿಯನ್ನು ಚುಚ್ಚಲು ಮನಸ್ಸು ಬರಲಿಲ್ಲ. ಮನೆಗೆ ತಂದು ಹೊಲಿಗೆ ಪೆಟ್ಟಿಗೆಯ ತಳಕ್ಕೆ ಹಾಕಿದಳು. ಅಜ್ಜಿ ಒಂದು ಮಾತೂ ಕೇಳಲಿಲ್ಲ.

ಹೊಸ ವರ್ಷಕ್ಕೆ ಗೋತೋ ದ್ವೀಪದಿಂದ ಸಂಬಂಧ ಬಂತು. ದೋಣಿ ಕಟ್ಟುವವನು, ಚರ್ಚಿನವನು, ಒಳ್ಳೆಯವನು. ಫೆಬ್ರವರಿಯ ಎರಡನೇ ಭಾನುವಾರ ಮಾತು ಕೊಡಬೇಕಿತ್ತು.

"ನಿಮ್ಮಿಷ್ಟ ಅಜ್ಜಿ," ಎಂದಳು ಫುಮಿನೊ.

ಆ ಭಾನುವಾರಕ್ಕೆ ಇನ್ನು ನಾಲ್ಕೇ ದಿನ ಇದ್ದಾಗ ಇಸೊನೊ ಟೀಚರ್ ಏದುಸಿರು ಬಿಡುತ್ತ ಮನೆಗೆ ಬಂದರು.

"ಗುಡಿಯ ಭಟ್ಟರ ಹೆಂಡ್ತಿ ಹೇಳಿಕಳಿಸಿದ್ರು ಕಣೇ! ಬೆಳಿಗ್ಗೆಯಿಂದ ಯಾವನೋ ಹುಚ್ಚ ಸೂಜಿ ಡಬ್ಬಿ ಹಿಡ್ಕೊಂಡು ಅಂಗಳದಲ್ಲಿ ಕೂತಿದ್ದಾನಂತೆ. 'ಹಬ್ಬದ ಜನ ಎಲ್ಲಿ, ತೋಫು ಎಲ್ಲಿ' ಅಂತಾನಂತೆ. ಹೋಗಿ ನೋಡಿದ್ರೆ ನಮ್ಮ ಹೆಬ್ಬೆರಳಿನ ಹುಡುಗ!"

ಫುಮಿನೊ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟಳು.

"ಎರಡು ತಿಂಗಳು ಆದ್ಮೇಲೆ ಬಂದ್ರಾ? ಬೇಡ ಟೀಚರ್. ಹೋಗು ಅಂತ ಹೇಳಿ."

"ನಂಗೂ ಹಾಗೇ ಅನ್ನಿಸ್ತು. ಆಮೇಲೆ ಹೊಳೀತು. ಇವತ್ತು ತಾರೀಖೆಷ್ಟು ಹೇಳು?"

"ಎಂಟು..."

"ಟೋಕಿಯೋ ಕಡೆ ಸೂಜಿ ಹಬ್ಬ ಫೆಬ್ರವರಿ ಎಂಟಕ್ಕೆ ಕಣೇ ಹುಡುಗಿ! ನಮಗೆ ಡಿಸೆಂಬರ್, ಅವರಿಗೆ ಫೆಬ್ರವರಿ. ನಲವತ್ತು ವರ್ಷ ಸೂಜಿ ಹಿಡಿದೋಳು ನಾನು, ನನಗಾದ್ರೂ ಮೊದಲೇ ಹೊಳೀಬಾರದಿತ್ತಾ!"

ಅವನು ಮಾತಿಗೆ ತಪ್ಪಿರಲಿಲ್ಲ! ಫುಮಿನೊ ಬಾಗಿಲವರೆಗೆ ಹೋಗಿ ನಿಂತಳು. ಮೂಲೆಯಲ್ಲಿ ಅಜ್ಜಿ ಜಪಸರ ಎಣಿಸುತ್ತಿದ್ದರು.

"ಅಜ್ಜಿ... ನಾನು ಅವತ್ತು..."

"ಗೊತ್ತು." ಅಜ್ಜಿಯ ಬೆರಳು ನಿಂತಿತು. "ನಿನ್ನ ತಲೆವಸ್ತ್ರ ಮನೇಲೇ ಇತ್ತು. ತಗೊಂಡು ಹೋಗಿ ನನ್ನ ಪಕ್ಕ ನಿನ್ನ ಜಾಗದಲ್ಲಿ ಇಟ್ಟೆ. ನಿನ್ನ ಪಾಲಿನ ಜಪವನ್ನೂ ನಾನೇ ಮಾಡ್ದೆ."

"ಬೈಲಿಲ್ಲ ಯಾಕೆ ಅಜ್ಜಿ?"

"ಅವತ್ತು ನೀನು ಮನೆಗೆ ಬಂದ ಮುಖ ನೋಡಿದೆ. ನಿಮ್ಮಮ್ಮ ಹೋದ ದಿನವೂ ನೀನು ಹಾಗೇ ಇದ್ದೆ." ಅಜ್ಜಿ ಜಪಸರವನ್ನು ಮಡಿಲಲ್ಲಿಟ್ಟರು. "ಇನ್ನೊಂದ್ಸಲ ಆ ಮುಖ ನೋಡೋ ಶಕ್ತಿ ನಂಗಿಲ್ಲ ಕಂದಾ. ಹೋಗು. ಮದುವೆ ಮಾತ್ರ ಚರ್ಚಲ್ಲೇ. ಒಪ್ತಾನಾ ಕೇಳು."

"ವರ್ಷಕ್ಕೆ ಇರೋದೇ ಮುನ್ನೂರ ಅರವತ್ತೈದು ದಿನ," ಎಂದು ಟೀಚರ್ ಕಣ್ಣೊರೆಸಿಕೊಂಡರು. "ದೇವರುಗಳೂ ಒತ್ತೊತ್ತಾಗಿ ಕೂತ್ಕೋಬೇಕು ಸುಮಿಯವ್ರೇ. ಅವರವರಲ್ಲಿ ಜಗಳ ಇಲ್ಲ."

ಫುಮಿನೊ ಪೆಟ್ಟಿಗೆಯ ತಳದಿಂದ ಸೂಜಿ ಹೆಕ್ಕಿಕೊಂಡು ಓಡಿದಳು.

ಅಂಗಳ ಖಾಲಿಯಾಗಿತ್ತು. ಅವನು ಮೆಟ್ಟಿಲ ಮೇಲೆ ಕುಳಿತಿದ್ದ. ಸೊರಗಿದ್ದ, ತೋಳಿಗೆ ಕಪ್ಪು ಪಟ್ಟಿ ಇತ್ತು. ಅವಳನ್ನು ಕಂಡು ಎದ್ದು ನಿಂತ.

"ಬರಲ್ಲ ಅಂದ್ಕೊಂಡೆ..."

"ನಾನೂ ಹಾಗೇ ಅಂದ್ಕೊಂಡಿದ್ದೆ. ಡಿಸೆಂಬರ್ ಎಂಟಕ್ಕೆ ಇಲ್ಲೇ, ಇದೇ ಜಾಗದಲ್ಲಿ!"

"ಡಿಸೆಂಬರಾ?"

ಅವಳು ವಿವರಿಸಿದಳು. ಅವನ ಮುಖದ ಬಣ್ಣ ಇಳಿಯಿತು. ತಣ್ಣನೆಯ ಕಲ್ಲಿನ ಮೇಲೆ ತಲೆಬಾಗಿ ಮಂಡಿಯೂರಿದ.

"ಏಳ್ರೀ... ತಪ್ಪು ಯಾರದೂ ಅಲ್ಲ. ತೋಳಿಗೆ ಆ ಪಟ್ಟಿ?"

"ಅಪ್ಪ ಹೋದ್ರು. ನವೆಂಬರಿನಲ್ಲಿ. ಅಂಗಡಿ ಅಣ್ಣ ನೋಡ್ಕೋತಾನೆ. ನಾನು ಇಲ್ಲೇ ಇರೋಕೆ ಬಂದೆ." ಅವನು ಡಬ್ಬಿ ತೆರೆದ. ಹತ್ತಿಯ ಮೇಲೆ ಕೂದಲೆಳೆಯಷ್ಟು ಉಕ್ಕಿನ ಚೂರು. "ಡಾಕ್ಟರು ಹೆಬ್ಬೆರಳಿಂದ ತೆಗೆದುಕೊಟ್ಟಿದ್ದು. ಹಬ್ಬದ ದಿನ ಎರಡೂ ಒಟ್ಟಿಗೆ ಮಲಗಲಿ ಅಂತ ಇಟ್ಕೊಂಡಿದ್ದೆ."

ಫುಮಿನೊ ಅಂಗೈ ಬಿಚ್ಚಿದಳು. ಕೆಂಪು ದಾರದ ಅರ್ಧ ಅಲ್ಲಿತ್ತು.

ಭಟ್ಟರ ಹೆಂಡತಿ ಅಡುಗೆಮನೆಯಿಂದ ಬಟ್ಟಲಲ್ಲಿ ತೋಫು ತಂದಿಟ್ಟರು. "ನಮ್ಮ ರಾತ್ರಿಯ ಸಾರಿನದ್ದು. ಇವತ್ತು ಬರೀ ಮೂಲಂಗಿ ತಿಂತೀವಿ ಬಿಡಿ," ಎಂದು ನಕ್ಕು ಒಳಗೆ ಹೋದರು.

ಇಬ್ಬರೂ ಎರಡು ತುಂಡನ್ನು ಪಕ್ಕಪಕ್ಕದಲ್ಲಿ ಚುಚ್ಚಿದರು. ಅವನು ಕೈಮುಗಿದ. ಅವಳು ಹಣೆಯಿಂದ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡಳು.

"ಅಮಲೋದ್ಭವಿ ಹಬ್ಬದ ಬೆಳಿಗ್ಗೆ ನಾನು ಅಜ್ಜಿ ಪಕ್ಕ ಇರ್ಬೇಕು. ಪ್ರತಿ ವರ್ಷ. ಮದುವೇನೂ ಚರ್ಚಲ್ಲೇ."

"ಆಗ್ಲಿ. ನೀವು ಒಳಗೆ ಇರಿ, ನಾನು ಸೂಜಿ ಡಬ್ಬಿ ಹಿಡ್ಕೊಂಡು ಬಾಗಿಲಲ್ಲಿ ಕಾಯ್ತೀನಿ. ಆಮೇಲೆ ಇಬ್ರೂ ಇಲ್ಲಿಗೆ ಬರೋಣ." ಅವನು ತಡೆದು ಕೇಳಿದ. "ಅಂದ್ರೆ... ಉತ್ತರ 'ಹೂಂ' ಅಂತಾನಾ?"

"ಸೆಪ್ಟೆಂಬರಿನಲ್ಲೇ 'ಹೂಂ' ಇತ್ತು. ಹೇಳೋ ಧೈರ್ಯ ಇರ್ಲಿಲ್ಲ." ಕಣ್ಣೀರಿನ ನಡುವೆಯೇ ಹುಬ್ಬೇರಿಸಿದಳು. "ಹಬ್ಬದ ತಾರೀಖು ಯಾವ್ದು?"

"ಡಿಸೆಂಬರ್ ಎಂಟು."

"ಇನ್ನೊಂದ್ಸಲ ಹೇಳಿ."

"ಡಿಸೆಂಬರ್ ಎಂಟು," ಎಂದ ಅವನು, ಅವಳ ಕೈ ಹಿಡಿದು.