ಹದಿನೆಂಟು ನಿಮಿಷದ ಕಾರ್ಡು

"ಅತ್ತೆ ಇದ್ದಾರಾ? ನಮ್ಮ ಸ್ಟುಡಿಯೋದಲ್ಲಿ ಕಳ್ಳತನ ಆಗಿದೆ. ಪೊಲೀಸರನ್ನ ಕರೆಯೋ ಮುಂಚೆ ಅವರೊಮ್ಮೆ ಬರಬೇಕು."

ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದವಳು ಹಿಂದಿನ ಬೀದಿಯ ಕಾರ್ಟೂನ್ ಸ್ಟುಡಿಯೋದ ಯಜಮಾನಿ. ಅವಳಿಗೆ ಬೇಕಿದ್ದದ್ದು ನನ್ನ ಅತ್ತೆ; ಬೀದಿಯವರೆಲ್ಲರ ಬಾಯಲ್ಲೂ ಅವರು ಅತ್ತೆಯೇ. ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿ ಅಂಗಡಿ ಮುಚ್ಚಿದ ಮೇಲೆ ಅತ್ತೆಗೆ ಊರವರ ಗೋಜಲು ಬಿಡಿಸುವುದೇ ಕೆಲಸ. ಅವರ ಚೀಲ ಹಿಡಿದು ಹಿಂದೆ ಹೋಗುವುದು ಸೊಸೆಯಾದ ನನ್ನ ಕೆಲಸ.

ದಾರಿಯಲ್ಲೇ ಯಜಮಾನಿ ವಿಷಯ ಹೇಳಿದಳು. ಎಂಟು ದಿನದ ಹಿಂದೆ ಅಂಗಡಿಯವನೊಬ್ಬ ಅವರ ಕಂಪ್ಯೂಟರಿನ ಹಳೇ ಕಾರ್ಡ್ ತೆಗೆದಿಟ್ಟು ದುಬಾರಿ ಗ್ರಾಫಿಕ್ಸ್ ಕಾರ್ಡ್ ಕೂರಿಸಿ, "ಒಂದು ವಾರ ಓಡಿಸಿ ನೋಡಿ, ಆಮೇಲೆ ಹೇಳಿ" ಎಂದು ಹೋಗಿದ್ದ. ಬಿಡಿಬಿಡಿ ಚಿತ್ರಗಳನ್ನು ಜೋಡಿಸಿ ಸಿನಿಮಾ ಮಾಡುವ ಕೆಲಸ ಅದರಿಂದ ಬೇಗ ಮುಗಿಯುತ್ತದಂತೆ. ಅದರ ಬೆಲೆ ಸ್ಟುಡಿಯೋದ ವರ್ಷದ ಬಾಡಿಗೆಗಿಂತ ಜಾಸ್ತಿ.

"ಕೊಳ್ಳಬೇಕು ಅಂದ್ರೆ ಕೈಯಲ್ಲಿ ಬಣ್ಣ ಹಚ್ಚೋದನ್ನ ನಿಲ್ಲಿಸಬೇಕು ಅತ್ತೆ. ಬಣ್ಣ ಹಚ್ಚೋರು ನಮ್ಮ ದೊಡ್ಡಮ್ಮ. ಅವರಿಗೆ ಹೇಗೆ ಹೇಳೋದು ಅಂತ ವಾರದಿಂದ ನಿದ್ದೆ ಇಲ್ಲ. ಇವತ್ತು ಅಂಗಡಿಯವನು ಬಂದು ತೆಗೆದು ನೋಡಿದ್ರೆ ಕಾರ್ಡೇ ಇಲ್ಲ!"

ಸ್ಟುಡಿಯೋದಲ್ಲಿ ಎರಡೇ ಕೋಣೆ. ಮುಂದಿನದರಲ್ಲಿ ಕಂಪ್ಯೂಟರ್. ಒಳಗಿನದರಲ್ಲಿ ದೊಡ್ಡಮ್ಮನ ಮೇಜು, ಬಣ್ಣದ ಕಡ್ಡಿಗಳು, ಕಪಾಟು. ನಡುವಿನ ಬಾಗಿಲು ಸದಾ ತೆರೆದೇ ಇರುತ್ತಿತ್ತು. ಕಿಟಕಿಯ ಅಂಚು, ಕುರ್ಚಿಯ ಬೆನ್ನು, ಎಲ್ಲೆಲ್ಲೂ ಆ ಕಡ್ಡಿಗಳಿಂದ ಉದುರಿದ ತೆಳುವಾದ ನೀಲಿ ಪುಡಿ.

ಅಂಗಡಿಯವನು ಕಂಪ್ಯೂಟರಿನ ಪಕ್ಕದ ಮುಚ್ಚಳ ತೆಗೆದಿಟ್ಟು ಕೆಂಡವಾಗಿದ್ದ. "ನೋಡೀಮ್ಮಾ, ಒಳಗಿರೋದು ಇವರದೇ ಹಳೇ ಕಾರ್ಡು! ನನ್ನದನ್ನ ನಾನೇ ಕೂರಿಸಿದ್ದೆ, ಬೇರೆ ಯಾರ ಕೈಗೂ ಕೊಟ್ಟಿರಲಿಲ್ಲ. ಒಳಗೆಲ್ಲ ಒರೆಸಿ ಕನ್ನಡಿ ಥರ ಮಾಡಿ ಹೋಗಿದ್ದೆ."

"ನಿನ್ನೆ ಸಂಜೆವರೆಗೂ ಬಾಣದ ಹಾಗೆ ಓಡ್ತಿತ್ತು," ಎಂದ ಚಿತ್ರ ಜೋಡಿಸುವ ಹುಡುಗ.

"ನಿನ್ನೆ ಕೊನೆಗೆ ಬೀಗ ಹಾಕಿದ್ದು ನೀನೇ ತಾನೇ? ರಾತ್ರೋರಾತ್ರಿ ಹಳೇದು ಸಿಕ್ಕಿಸಿ ಹೊಸದು ಎತ್ಕೊಂಡು ಹೋಗಿದ್ದೀಯ!" ಎಂದು ಅಂಗಡಿಯವನು ಅವನ ಮೇಲೆ ಹರಿಹಾಯ್ದ.

ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ಮುಂದೆ ಬಂದರು. "ಸುಮ್ನೆ ಪಾಪದವನ ಮೇಲೆ ಗೂಬೆ ಕೂರಿಸಬೇಡಿ. ಎರಡು ಕೈಲಿ ಹಿಡಿದ್ರೂ ಜಗ್ಗುತ್ತೆ ಅದು. ಸೈಕಲ್ ಮೇಲೆ ಹೇಗೆ ಒಯ್ತಾನೆ?"

ಅತ್ತೆ ಗಡಿಯಾರ ನೋಡುವ ಭೂತಗನ್ನಡಿ ಕಣ್ಣಿಗೆ ಒತ್ತಿಕೊಂಡು ಕಂಪ್ಯೂಟರಿನೊಳಗೆ ಬಗ್ಗಿದರು. "ಈ ಸ್ಕ್ರೂ ನೋಡೇ," ಎಂದು ನನ್ನನ್ನು ಕರೆದರು. ಹಳೇ ಕಾರ್ಡನ್ನು ಹಿಡಿದ ಸ್ಕ್ರೂ ತಲೆಯ ಗೀರು ತುಂಬ ನೀಲಿ ಪುಡಿ, ಸ್ವಲ್ಪವೂ ಕದಡಿರಲಿಲ್ಲ. ಆಮೇಲೆ ಹೊಸ ಕಾರ್ಡಿನ ಖಾಲಿ ಡಬ್ಬ ತರಿಸಿದರು. ಅದರಲ್ಲಿದ್ದ ಬೆಳ್ಳಿಬಣ್ಣದ ಚೀಲವೂ ಮಾಯವಾಗಿತ್ತು. "ಕಾರ್ಡಿಗೆ ಧೂಳು, ಕರೆಂಟಿನ ಕಿಡಿ ತಾಗದೆ ಇರಲಿ ಅಂತ ಕೊಡೋ ಚೀಲ," ಎಂದ ಅಂಗಡಿಯವನು.

"ಒಂದೊಂದು ದೃಶ್ಯ ಜೋಡಿಸೋಕೆ ಎಷ್ಟು ಹೊತ್ತು ಹಿಡೀತು ಅಂತ ಎಲ್ಲಾದ್ರೂ ಇರುತ್ತಾ?" ಅತ್ತೆ ಹುಡುಗನನ್ನು ಕೇಳಿದರು.

"ಕಂಪ್ಯೂಟರೇ ಬರೆದಿಡುತ್ತೆ ಅಮ್ಮಾ. ನಾವ್ಯಾರೂ ನೋಡಲ್ಲ."

ಅತ್ತೆ ನೋಡಿದರು. ನಂತರ ಬೆಳಿಗ್ಗೆ ಬಾಗಿಲು ತೆಗೆಯುವವರು ಯಾರೆಂದು ಕೇಳಿದರು. "ದೊಡ್ಡಮ್ಮ. ನಮಗಿಂತ ಒಂದು ಗಂಟೆ ಮೊದಲೇ ಬರ್ತಾರೆ," ಎಂದಳು ಯಜಮಾನಿ.

"ಸರಿ, ಎಲ್ಲರೂ ಕೂತ್ಕೊಳ್ಳಿ."

ಕುರ್ಚಿ ಸಾಲದೆ ಅಂಗಡಿಯವನು ಡಬ್ಬದ ಮೇಲೆ ಕೂತ. ಅತ್ತೆ ಶುರುಮಾಡಿದರು. "ಕಳವು ನಿನ್ನೆ ಆದದ್ದಲ್ಲ. ನಿನ್ನೆ ಹಳೇ ಕಾರ್ಡ್ ಕೂರಿಸಿದ್ರೆ ಆ ಸ್ಕ್ರೂ ಮೇಲಿನ ಪುಡಿ ಉಳೀತಿರಲಿಲ್ಲ. ಒರೆಸಿಟ್ಟ ಪೆಟ್ಟಿಗೆಯೊಳಗೆ ಅಷ್ಟು ಪುಡಿ ಕೂರೋಕೆ ದಿನಗಟ್ಟಲೆ ಬೇಕು. ಲೆಕ್ಕವೂ ಅದನ್ನೇ ಹೇಳುತ್ತೆ. ಮೊದಲ ದಿನ ಒಂದು ದೃಶ್ಯಕ್ಕೆ ಹನ್ನೆರಡು ನಿಮಿಷ. ಎರಡನೇ ದಿನದಿಂದ ನಿನ್ನೆವರೆಗೂ ಮೂವತ್ತು. ಕಾರ್ಡ್ ಬರೋ ಮುಂಚೆಯೂ ಅಷ್ಟೇ, ಮೂವತ್ತು."

ಹುಡುಗ ಬಾಯಿ ತೆರೆದ. "ಅಂದ್ರೆ ವಾರವಿಡೀ ನಾನು ಹಳೇದರಲ್ಲೇ..."

"ಹಳೇದರಲ್ಲೇ ಬಾಣ ಬಿಡ್ತಿದ್ದೆ. ಅದು ಓಡೋವಾಗ ನೀನೇನು ಮಾಡ್ತೀಯ?"

"ಕಾಫಿಗೆ ಹೋಗ್ತೀನಿ."

"ಕಾಫಿಗೆ ಅರ್ಧ ಗಂಟೆ. ಹನ್ನೆರಡಾದ್ರೇನು, ಮೂವತ್ತಾದ್ರೇನು!"

ಯಜಮಾನಿ ನಕ್ಕುಬಿಟ್ಟಳು, ಮರುಕ್ಷಣವೇ ತಡೆದುಕೊಂಡಳು. "ಹಾಗಾದ್ರೆ ತೆಗೆದದ್ದು ಯಾರು?"

"ಎರಡನೇ ದಿನ ಎಲ್ಲರಿಗಿಂತ ಮೊದಲು ಬಂದವರು. ಒಳಕೋಣೆಯ ಮೇಜಿಂದ ಅಂಗಡಿಯವರು ಕಾರ್ಡ್ ಕೂರಿಸೋದನ್ನ ನೋಡಿದವರು. ಮಾರೋ ಆಸೆ ಅವರಿಗಿರಲಿಲ್ಲ, ಬಣ್ಣದ ಪುಡಿ ಸೋಕಿ ಕಾರ್ಡ್ ಕೆಡಬಾರದು ಅಂತ ಚೀಲದಲ್ಲಿ ಜೋಪಾನ ಮಾಡಿದ್ದಾರೆ. ಇನ್ನೊಂದು ಮಾತು. ಅದನ್ನ ಕೈಯಲ್ಲಿ ಹಿಡಿದವರು ಅಂಗಡಿಯವರೊಬ್ಬರೇ. ಎರಡು ಕೈಲಿ ಹಿಡಿದ್ರೂ ಜಗ್ಗುತ್ತೆ ಅಂತ ಬೇರೆಯವರಿಗೆ ಹೇಗೆ ಗೊತ್ತು?"

ಯಾರೂ ದೊಡ್ಡಮ್ಮನತ್ತ ತಿರುಗಲಿಲ್ಲ. ಅವರೇ ಎದ್ದು ಒಳಗೆ ಹೋಗಿ, ಕಪಾಟಿನ ಕೆಳಗಿನಿಂದ ಬೆಳ್ಳಿಚೀಲ ತಂದು ಅಂಗಡಿಯವನ ಮಡಿಲಲ್ಲಿಟ್ಟರು. ಅವನು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದ. ಒಂದು ಗೀರೂ ಇರಲಿಲ್ಲ.

"ವಾರವಿಡೀ ಕಾರ್ಡ್ ಇಲ್ಲದಿದ್ರೂ ಯಾರಿಗೂ ಗೊತ್ತಾಗಲಿಲ್ಲ ನೋಡಿ ಅಂತ ಇವತ್ತು ಎಲ್ಲರೆದುರು ನಾನೇ ಹೇಳೋಳಿದ್ದೆ," ಎಂದರು ದೊಡ್ಡಮ್ಮ. "ಪೊಲೀಸ್ ಅಂದ ಕೂಡಲೇ ಕೈಕಾಲು ತಣ್ಣಗಾಯ್ತು."

"ನನಗೇ ಹೇಳಬಹುದಿತ್ತಲ್ಲ ದೊಡ್ಡಮ್ಮಾ?" ಎಂದಳು ಯಜಮಾನಿ.

"ಕಾರ್ಡ್ ಬೇಡ ಅಂದಿದ್ರೆ, ಮುದುಕಿ ತನ್ನ ಕೆಲಸ ಉಳಿಸ್ಕೊಳ್ಳೋಕೆ ಹೇಳ್ತಾಳೆ ಅಂತಿದ್ದೆ ನೀನು. ನಾನು ಒಂದು ಆಕಾಶ ಬರೆಯೋಕೆ ನಾಲ್ಕು ದಿನ ತಗೋತೀನಿ. ಅದನ್ನ ಹದಿನೆಂಟು ನಿಮಿಷ ಬೇಗ ಓಡಿಸಿ ಏನು ಮಾಡ್ತೀಯೇ?"

ಯಜಮಾನಿ ದೊಡ್ಡಮ್ಮನ ಹತ್ತಿರ ಬಂದು, "ನೀವು ಬಚ್ಚಿಟ್ಟಿದ್ದು ತಪ್ಪು. ಈ ಹುಡುಗನ ಮಾನ ಹೋಗ್ತಿತ್ತು," ಎಂದಳು. ದೊಡ್ಡಮ್ಮ ಹುಡುಗನ ಕೈ ಹಿಡಿದು, "ತಪ್ಪಾಯ್ತಪ್ಪಾ," ಎಂದರು. ಅವನು ನಾಚಿ ತಲೆ ಕೆರೆದುಕೊಂಡ.

"ಹಾಗಾದ್ರೆ ಕಾರ್ಡು?" ಅಂಗಡಿಯವನು ಕೇಳಿದ.

"ನಿಮ್ಮದು ಒಳ್ಳೇ ಕಾರ್ಡು. ನಮಗೆ ಅಷ್ಟು ಅವಸರದ ಕೆಲಸ ಇಲ್ಲ," ಎಂದಳು ಯಜಮಾನಿ. "ತಡ ಆಗ್ತಿರೋದು ಕಂಪ್ಯೂಟರಿಂದಲ್ಲ, ಬಣ್ಣದಿಂದ. ಆ ದುಡ್ಡಲ್ಲಿ ಬಣ್ಣ ಹಚ್ಚೋಕೆ ಇನ್ನೊಬ್ಬರನ್ನ ಕರ್ಕೋತೀನಿ. ದೊಡ್ಡಮ್ಮಾ, ಕಲಿಸ್ತೀರಾ?"

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಕೆನ್ನೆಗೆ ನೀಲಿ ಮೆತ್ತಿತು.

"ಕಲಿಸ್ತೀನಿ. ಮರ, ಮನೆ, ದಾರಿ ಎಲ್ಲ ಬಿಟ್ಟುಕೊಡ್ತೀನಿ. ಆಕಾಶ ಮಾತ್ರ ಕೊಡಲ್ಲ."